ತೇವ ಹೇಳುವ ಮಷಿನ್

"ಕಚ್ಚು," ಎಂದ ದೌಲತರಾಯ.

ಸಂಘಮಿತ್ರಾ ನಾಲ್ಕು ತೊಗರಿ ಕಾಳು ಬಾಯಿಗೆ ಹಾಕಿಕೊಂಡು ಕಡಿದಳು. ಮೂರು ಟಕ್ಕನೆ ಒಡೆದವು. ನಾಲ್ಕನೆಯದು ಹಲ್ಲಿಗೆ ಸ್ವಲ್ಪ ಬಗ್ಗಿ ಆಮೇಲೆ ಒಡೆಯಿತು.

"ಹನ್ನೊಂದೂವರಿ ಅದರಿ ಸರ್."

"ನಿಮ್ಮವ್ವನ ಕಣದಾಗಿನ ಶ್ಯಾಣ್ಯಾತನ ಇಲ್ಲಿ ನಡಿಯಂಗಿಲ್ಲ. ಮಷಿನ್ ಹೇಳಬೇಕು."

ಒಂದು ಹಿಡಿ ಕಾಳು ತೆಗೆದುಕೊಂಡು ಅವನು ಒಳಕೋಣೆಗೆ ಹೋದ. ಚಿಲಕ ಬಿತ್ತು. ಎರಡು ನಿಮಿಷ ಕಳೆದು ಹೊರಗೆ ಬಂದ.

"ಹನ್ನೊಂದು ಪಾಯಿಂಟ್ ಮೂರು. ಮತ್ತ ತಪ್ಪು. ಏನ್ ಕಲಿಸ್ಯಾರ ಬೇ ನಿಮ್ಮ ಕಾಲೇಜಿನಾಗ?"

ಆಳಂದದ ಹೊರಗೆ ಬೇಳೆಕಾಳು ಕಂಪನಿಯೊಂದರ ಗೋದಾಮು ಅದು. ಕಾಳಿನಲ್ಲಿ ತೇವ ನೂರಕ್ಕೆ ಹನ್ನೆರಡು ದಾಟಿದರೆ ಲಾರಿ ವಾಪಸ್, ಅಷ್ಟೇ ಕಾನೂನು. ತೇವ ನೋಡುವ ಅಧಿಕಾರಿ ದೌಲತರಾಯ. ಅವನ ಕೈಕೆಳಗೆ ಕಲಿಯಲು ಬಂದವಳು ಸಂಘಮಿತ್ರಾ. ಬಿ.ಎಸ್ಸಿ.ಯ ಕೊನೆಯ ವರ್ಷ ಪೂರ್ತಿ ಕಂಪನಿಯಲ್ಲೇ ಕಳೆಯಬೇಕೆಂಬುದು ಅವಳ ಕೋರ್ಸಿನ ನಿಯಮ. ವರ್ಷದ ಕೊನೆಗೆ ಅಧಿಕಾರಿ 'ಪಾಸ್' ಎಂದು ಬರೆದು ಸಹಿ ಮಾಡಿದರೆ ಡಿಗ್ರಿ. ಇಲ್ಲದಿದ್ದರೆ ಇನ್ನೊಂದು ವರ್ಷ ಅದೇ ಗೋದಾಮು, ಅದೇ ಮುಖ.

ಬಂದ ಮೊದಲ ದಿನವೇ ಅವನು ಯಾವ ಊರು, ಯಾವ ಓಣಿ, ಅಪ್ಪ ಯಾರು ಎಂದೆಲ್ಲ ಕೇಳಿ ತಿಳಿದುಕೊಂಡಿದ್ದ. ಆಮೇಲೆ ಒಳಕೋಣೆಯ ಕಡೆ ಕೈ ಮಾಡಿ, "ಆ ಹೊಸ್ತಿಲ ದಾಟಬ್ಯಾಡ. ಮಷಿನ್ ಮುಟ್ಟಬ್ಯಾಡ," ಎಂದಿದ್ದ. ಅಷ್ಟು ಸಾಕಾಯಿತು ಅವಳಿಗೆ. ಅಂಥ ಹೊಸ್ತಿಲುಗಳ ಹೊರಗೆ ಅವಳ ಅವ್ವ ಚಂದಮ್ಮ ಅರ್ಧ ಆಯುಷ್ಯ ನಿಂತಿದ್ದಳು. ರಾಶಿಯ ಕಣದಲ್ಲಿ ಕಾಳು ಕಚ್ಚಿ ಒಣಗಿದೆಯೋ ಇಲ್ಲವೋ ಹೇಳುವುದಕ್ಕೆ ಮಾತ್ರ ದೊಡ್ಡವರಿಗೆ ಅವಳು ಬೇಕಾಗುತ್ತಿದ್ದಳು. ಮಗಳು ಓದಿದ್ದು ಆ ಹೊಸ್ತಿಲು ದಾಟಲಿಕ್ಕೆ. ಇಲ್ಲಿ ನೋಡಿದರೆ ಬಿ.ಎಸ್ಸಿ. ಓದುವವಳ ಬಾಯಿಗೂ ಅದೇ ಕಾಳು. ಹೊಟ್ಟೆ ಉರಿಯದೆ ಇರುತ್ತದೆಯೇ?

ಗೇಟು ಕಾಯುವ ಮಸೂದ ಚಾಚಾ ಸಮಾಧಾನ ಹೇಳುತ್ತಿದ್ದ. "ಸಾಹೇಬ್ರು ಯಾರ್ನೂ ಒಳಗ ಬಿಡಂಗಿಲ್ಲ ಬೇಟಿ. ಕಸ ಹೊಡಿಯೋರ್ನ ಸೈತ ಬಿಡಂಗಿಲ್ಲ. ಮೂವತ್ತು ವರ್ಷ ದಾಲ್ ಮಿಲ್ಲಿನಾಗ ಕಾಳ ಕಚ್ಚಿ ಹೆಸರು ಮಾಡಿದ ಮನಶ್ಯಾ. ಆ ಹೆಸರು ನೋಡೇ ಕಂಪನಿಯವ್ರು ಕರಕೊಂಡಾರ."

"ಹಂಗಾರ ತಾವ ಕಚ್ಚಲಿ. ನನ್ನ ಯಾಕ ಗೋಳು ಹೊಯ್ಕೋತಾರ?"

"ಈಗ ಮಷಿನ್ ಬಂದದಲ್ಲ," ಎಂದ ಮಸೂದ.

ಆಗಸ್ಟಿನಲ್ಲಿ ಹೆಸರುಕಾಳು, ಜನವರಿಯಲ್ಲಿ ತೊಗರಿ, ಮಾರ್ಚಿನಲ್ಲಿ ಕಡಲೆ. ಕಾಳು ಬದಲಾದವು, ಮಾತು ಬದಲಾಗಲಿಲ್ಲ. ಕಚ್ಚು. ತಪ್ಪು. ಅವಳು ಹತ್ತು ಅಂದರೆ ಮಷಿನ್ ಹತ್ತು ಪಾಯಿಂಟ್ ಎರಡು ಅನ್ನುತ್ತಿತ್ತು. ಹದಿಮೂರು ಅಂದರೆ ಹನ್ನೆರಡು ಪಾಯಿಂಟ್ ಒಂಬತ್ತು. ಒಂದು ದಿನವಾದರೂ ಸರಿ ಅನ್ನಲಿಲ್ಲ ಆ ಹಾಳು ಮಷಿನ್. ಮಧ್ಯಾಹ್ನ ಊಟದ ಹೊತ್ತಿಗೆ ದೌಲತರಾಯ ರೊಟ್ಟಿಯನ್ನು ಹಾಲಿನಲ್ಲಿ ಮೆತ್ತಗಾಗುವವರೆಗೆ ಹಿಸುಕುತ್ತಾ, ಚೀಲ ಹೊರುವ ಹಮಾಲರ ಎದುರಿಗೇ ಅವಳ ಅಂದಿನ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಿದ್ದ. ಅವರು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ತುಟಿ ಬಿಗಿಹಿಡಿದೇ ಬಯ್ಯುವ ಜಾತಿ ಅವನದು.

ಫೆಬ್ರವರಿಯಲ್ಲಿ ಒಂದು ನೌಕರಿಯ ಪರೀಕ್ಷೆ ಬರೆಯಲು ಅವಳು ಕಲಬುರಗಿಗೆ ಹೋದಳು. ಎರಡು ದಿನ ಬಿಟ್ಟು ಬಂದರೆ ಗೇಟಿನ ಹೊರಗೆ ಹದಿನೇಳು ಲಾರಿ. ಡ್ರೈವರುಗಳು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು.

"ಮಷಿನ್ ಕೆಟ್ಟಿತ್ತು. ಈಗಷ್ಟ ಸರಿಯಾತು," ಎಂದು ಅವರಿಗೆ ಹೇಳಿದ ದೌಲತರಾಯ ಅವಳ ಮೇಲೆ ಹರಿಹಾಯ್ದ. "ಸೀಜನ್ದಾಗ ಸೂಟಿ ಹಾಕ್ತಿಯೇನು? ನಿಂತು ಏನ್ ನೋಡಾಕತ್ತಿ, ಕಚ್ಚು."

ಮೇ ತಿಂಗಳಲ್ಲಿ ಪುಣೆಯ ಹೆಡ್ ಆಫೀಸಿನಿಂದ ಅವನಿಗೊಂದು ಪ್ರಶಂಸೆಯ ಪತ್ರ ಬಂತು. ಕಂಪನಿಯ ಎಲ್ಲ ಗೋದಾಮುಗಳಲ್ಲಿ ಆಳಂದದ ತೇವದ ಅಂಕಿಯೇ ಅತ್ಯಂತ ನಿಖರವಂತೆ. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. "ನೋಡು. ಮಷಿನ್ ಅಂದ್ರ ಇದು," ಎಂದ.

ಜೂನ್ ತಿಂಗಳ ಕೊನೆಯ ದಿನ ಅವಳು ಕಾಲೇಜಿನ ಫಾರಂ ಅವನ ಮುಂದಿಟ್ಟಳು. ಅವನು ಓದಲೂ ಇಲ್ಲ, ಹಿಂದಕ್ಕೆ ದೂಡಿದ.

"ಪಾಸ್ ಬರಿಯಂಗಿಲ್ಲ. ನಿನಗ ತೇವ ನೋಡಾಕ ಬರಂಗಿಲ್ಲ. ಇನ್ನೊಂದು ವರ್ಷ ಇಲ್ಲೇ ಕಲಿ."

"ಜೇವರ್ಗಿಯಾಗ ಬೀಜದ ಲ್ಯಾಬಿನಾಗ ನೌಕರಿ ಸಿಕ್ಕದ್ರಿ ಸರ್. ಪಾಸಾಗಲಿಲ್ಲಂದ್ರ ಹೋಗ್ತದ."

"ಹೋಗ್ಲಿ."

ಹೊರಗೆ ಲಾರಿ ಹಾರ್ನ್ ಹೊಡೆಯಿತು. ಅವನು ಎದ್ದುಹೋಗಿ ಒಂದು ಹಿಡಿ ತೊಗರಿ ತಂದು ಅವಳ ಮುಂದೆ ಹಿಡಿದ.

"ಕಚ್ಚು."

ಅವಳು ಕೈ ಚಾಚಲಿಲ್ಲ. "ನನಗ ಬರಂಗಿಲ್ಲಂತ ಈಗ ಹೇಳಿದ್ರಲ್ರಿ. ಮಷಿನ್‌ಗೆ ಕೇಳ್ರಿ."

ದೌಲತರಾಯ ಕಾಳು ಹಿಡಿದುಕೊಂಡು ಒಳಕೋಣೆಗೆ ನಡೆದ. ಬಾಗಿಲು ಮುಚ್ಚಿತು. ಎರಡು ನಿಮಿಷ ಆಯಿತು. ಹತ್ತಾಯಿತು. ಇಪ್ಪತ್ತಾಯಿತು. ಡ್ರೈವರ್ ಹಾರ್ನಿನ ಮೇಲಿಂದ ಕೈ ತೆಗೆಯಲೊಲ್ಲ. ಇವತ್ತು ಅವಸರದಲ್ಲಿ ಚಿಲಕ ಹಾಕಿಕೊಂಡಿಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು. ಫಾರಂ ಕೈಗೆತ್ತಿಕೊಂಡು ಬಾಗಿಲು ನೂಕಿ ಹೊಸ್ತಿಲು ದಾಟಿದಳು.

ಮೇಜಿನ ಮೇಲೆ ಮಷಿನ್ ಇತ್ತು. ಕಂಪನಿ ಕಳಿಸಿದಾಗ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ, ಹೇಗೆ ನಡೆಸಬೇಕೆಂಬ ಇಂಗ್ಲಿಷ್ ಪುಸ್ತಕವೂ ಅದರೊಳಗೇ ಇತ್ತು; ಮೇಲೆ ಬೆರಳು ದಪ್ಪ ಧೂಳು. ಪಕ್ಕದ ನೀರಿನ ಗ್ಲಾಸಿನಲ್ಲಿ ಒಂದು ಜೊತೆ ಕಟ್ಟಿಸಿದ ಹಲ್ಲು. ದೌಲತರಾಯ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಬರೀ ಒಸಡಿನಲ್ಲಿ ಒತ್ತುತ್ತಾ ಕೂತಿದ್ದ. ಒಂದೂ ಒಡೆಯುತ್ತಿರಲಿಲ್ಲ.

ಸಂಘಮಿತ್ರಾ ಗ್ಲಾಸು ಸರಿಸಿ ಅಲ್ಲಿ ಫಾರಂ ಇಟ್ಟಳು. ಅವನ ಮುಂದಿನ ರಾಶಿಯಿಂದ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿ ಟಕ್ಕನೆ ಕಡಿದಳು.

"ಗೊತ್ತಾತ್ರಿ. ಮೊದಲ ಸಹಿ ಮಾಡ್ರಿ."