ಸೋಮವಾರದ ಪಾಳಿ

ಕೆರೆಗೆ ಮೊಸಳೆ ಬಂದಿದೆಯೆಂಬ ಸುಳ್ಳು ಸುದ್ದಿಯನ್ನು ಹನ್ನೊಂದು ವಾಟ್ಸಾಪ್ ಗುಂಪುಗಳಿಗೆ ಕಳಿಸಿ, ಅರ್ಧ ಊರನ್ನೇ ಓಡಿಸಿದ್ದ ಗುರುಪಾದಪ್ಪ. ಅದಕ್ಕಾಗಿ ಆರು ತಿಂಗಳು ಅವನ ಫೋನನ್ನು ವಾರಕ್ಕೊಮ್ಮೆ ಪೊಲೀಸರು ನೋಡಬೇಕೆಂದು ಕೋರ್ಟು ಆದೇಶ ಮಾಡಿತ್ತು. ಸೋಮವಾರ ಬಂತೆಂದರೆ ಠಾಣೆಗೆ ಹೋಗಿ, ಹವಾಲ್ದಾರ ಈರಪ್ಪನ ಮುಂದೆ ಫೋನಿಟ್ಟು ಕೈಕಟ್ಟಿ ಕೂರಬೇಕು. ಈರಪ್ಪನೋ, ಒಂದು ಶುಭೋದಯವನ್ನೂ ಬಿಡದೆ ಓದುವ ಆಸಾಮಿ.

"ನಿಮ್ಮ ತಂಗ್ಯಾರ ಉಪ್ಪಿನಕಾಯಿ ಜಗಳ ಇನ್ನೂ ಮುಗದಿಲ್ಲೇನ್ರೀ?" ಎಂದು ಕೇಳಿದ ಈರಪ್ಪ, ಮುಂದೆ ಬಂದ ಫೋಟೋ ನೋಡಿ ಹುಬ್ಬೇರಿಸಿದ. "ಯಾರ್ರೀ ಈ ಹುಡುಗ?"

ಗುರುಪಾದಪ್ಪ ಕಟ್ಟಿದ ಕೈ ಬಿಚ್ಚಿ ಮುಂದಕ್ಕೆ ಬಾಗಿದ.

"ನನ್ನ ಮಗಳಿಗೆ ನೋಡಿದ ವರ ರೀ, ಸಾಹೇಬ್ರ. ನಾಳೆ ನಿಶ್ಚಯ ಐತಿ. ಭಾಳ ಮರ್ಯಾದಸ್ಥ ಮಂದಿ. ನನ್ನ ಕೇಸಿನ ಸುದ್ದಿ ಅವರಿಗೆ ಗೊತ್ತಿಲ್ರೀ. ನಿಮಗ ಕೈ ಮುಗೀತೀನಿ, ಅವರ ಮುಂದ ಬಾಯಿ ಬಿಡಬ್ಯಾಡ್ರೀ!"

ಈರಪ್ಪ ಫೋಟೋವನ್ನು ಮತ್ತೊಮ್ಮೆ ದೊಡ್ಡದು ಮಾಡಿ ನೋಡಿ, ಫೋನನ್ನು ಹಿಂದಕ್ಕೆ ಕೊಟ್ಟ.

"ಬಿಡೂದಿಲ್ಲ, ಹೋಗ್ರೀ. ಹುಡುಗನೂ ಹಿಂಗ ಕೈ ಮುಗದು ಹೇಳಿ ಹೋಗ್ಯಾನ. ಅವನ ಫೋನ್ ನೋಡೂದು ಬುಧವಾರ."