ಕಿವಿ ಮುಚ್ಚಿದ ಕೂಸು

ನುಸಿಗುಳಿಗೆಯ ವಾಸನೆ ಬಂದರೆ ನನಗೆ ಈಗಲೂ ಬರ್ಕ್ಲಿಯ ಆ ಮ್ಯೂಸಿಯಮ್ಮೇ ನೆನಪಾಗುತ್ತದೆ.

ಧಾರವಾಡದಿಂದ ಬಂದಿದ್ದ ಅಜ್ಜಿ ನನಗೆಂದು ಉಣ್ಣೆಯ ಕುಲಾವಿ ಹೆಣೆದು ತಂದಿದ್ದಳು. ಕೆಂಪು ಬಣ್ಣ, ಗದ್ದದ ಕೆಳಗೆ ಕಟ್ಟುವ ದಾರ, ಟ್ರಂಕಿನಿಂದ ಅಂಟಿಕೊಂಡು ಬಂದ ಆ ವಾಸನೆ. ನಮ್ಮ ಮನೆಯಿದ್ದ ಸನ್ನಿವೇಲಿನಲ್ಲಿ ಕಾರು ಹತ್ತಿದಾಗಿನಿಂದ ನಮ್ಮಿಬ್ಬರದು ಅದೇ ಜಗಳ.

"ಕಿವ್ಯಾಗ ಗಾಳಿ ಹೊಗತದ, ಹಾಕ್ಕೊ."

"ಐ ಆಮ್ ನಾಟ್ ಎ ಬೇಬಿ, ಅಜ್ಜಿ."

ಮ್ಯೂಸಿಯಮ್ಮಿನಲ್ಲಿ ಅಜ್ಜಿ ಒಂದು ಹಳೆಯ ಚಿತ್ರದ ಮುಂದೆ ನಿಂತುಬಿಟ್ಟಳು. ತಾಮ್ರದ ತಗಡಿನ ಮೇಲೆ ಗೀರಿ ಕಾಗದಕ್ಕೆ ಅಚ್ಚೊತ್ತಿದ, ಅಂಗೈಯಗಲದ ಚಿತ್ರ. ಸಾವಿರಾರು ಕಪ್ಪು ಗೆರೆಗಳು ಸೇರಿ ರಾತ್ರಿಯಾಗಿತ್ತು. ಕತ್ತೆಯ ಮೇಲೆ ಒಬ್ಬ ತಾಯಿ, ಅವಳ ಮಡಿಲಲ್ಲಿ ಕೂಸು, ಮುಂದೆ ಕಂದೀಲು ಹಿಡಿದ ಗಂಡ.

ಅಪ್ಪ ವಿವರಿಸಿದ. "ಅವ್ವಾ, ಆ ಕೂಸು ಯೇಸು. ರಾಜ ಕೂಸುಗಳ್ನ ಕೊಲ್ಲಸಾಕತ್ತಾನ. ಅದಕ್ಕ ರಾತ್ರೋರಾತ್ರಿ ಈಜಿಪ್ಟಿಗೆ ಓಡಿ ಹೊಂಟಾರ."

ಅಜ್ಜಿ ಕನ್ನಡಕ ಸರಿಮಾಡಿಕೊಂಡು, ಗಾಜಿಗೆ ಮೂಗು ತಾಗುವಷ್ಟು ಬಾಗಿದಳು. ಕೂಸಿನ ತಲೆಯೆಲ್ಲ ತಾಯಿಯ ಶಾಲಿನೊಳಗಿತ್ತು. ಮೂಗಿನ ತುದಿಯಷ್ಟೇ ಕಾಣುತ್ತಿತ್ತು.

"ರಾಜನ ಮಂದಿ ಬೆನ್ನ ಹತ್ಯಾರ," ಎಂದು ನನ್ನತ್ತ ತಿರುಗಿದಳು. "ಆದ್ರೂ ಕೂಸಿನ ಕಿವಿ ಮುಚ್ಚೂದು ಮರತಿಲ್ಲ ಆಕಿ. ನನ್ನ ಮಾತು ಕೇಳಬ್ಯಾಡ, ಆಕಿ ಮಾತರೆ ಕೇಳು."

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ತಲೆ ಒಡ್ಡಿದೆ. ಅಜ್ಜಿ ಕುಲಾವಿಯನ್ನು ಹುಬ್ಬಿನವರೆಗೂ ಎಳೆದು ದಾರ ಬಿಗಿದಳು. ಮೂಲೆಯಲ್ಲಿದ್ದ ಗಾರ್ಡು ನನ್ನನ್ನು ನೋಡಿ ಹೆಬ್ಬೆರಳೆತ್ತಿದ.

ಹೊರಡುವ ಮುಂಚೆ ಅಜ್ಜಿ ಮತ್ತೆ ಆ ಚಿತ್ರದ ಕಡೆ ಹೋದಳು. ಗಾಜಿನ ಹತ್ತಿರ ಬಾಗಿ, ಮೆಲ್ಲಗೆ ಅಂದಳು:

"ಸಾವಕಾಶ ಹೋಗವ್ವಾ. ಹಾದಿ ಇನ್ನೂ ದೂರ ಅದ."