ಗೋಡೆಯ ಬುಡದ ಬೆಂಚು

ಸಾವಿನ ಏಳನೇ ದಿನದ ಪ್ರಾರ್ಥನೆ ಮುಗಿದ ಮರುಬೆಳಿಗ್ಗೆ ರೆಂಗಾನಿಸ್, ಗಂಡ ಗಿಲಾಂಗ್ ಕಲಿಸುತ್ತಿದ್ದ ಭೂದೃಶ್ಯ ನಿರ್ಮಾಣದ ತರಗತಿಯನ್ನು ಮಳೆಯಲ್ಲೇ ಕಾಲೇಜಿನ ಹಿತ್ತಿಲಿಗೆ ಕರೆತಂದಳು. ಬೋಗೋರಿನ ಕೆಂಪು ಮಣ್ಣಿನ ದಿಬ್ಬವನ್ನು ತಡೆದು ಬಿಳಿ ಗೋಡೆಯೊಂದು ನಿಂತಿತ್ತು. ಬುಡಕ್ಕೆ ಉದ್ದಕ್ಕೂ ಟಾರ್ಪಾಲು ಹೊದಿಸಿತ್ತು. ಮುಂದೊಂದು ಬೆಂಚು.

ಪಕ್ಕದಲ್ಲಿದ್ದ ಇಂಥದೇ ಗೋಡೆ ಕುಸಿದು ಗಿಲಾಂಗ್ ಸತ್ತಿದ್ದ.

ವಿದ್ಯಾರ್ಥಿಗಳು ಅವಳ ಬೊಬ್ಬೆಯೆದ್ದ ಅಂಗೈ ನೋಡಿದರು. "ಮೇಡಂಗೆ ತಲೆ ಕೆಟ್ಟಿದೆ," ಎಂದು ಒಬ್ಬ ಪಿಸುಗುಟ್ಟಿದ.

ಎಲ್ಲರೂ ಗೌರವದಿಂದ 'ಪಾಕ್' ಎಂದು ಕರೆಯುವ ವಿಭಾಗದ ಮುಖ್ಯಸ್ಥ ಸುಹೆರ್ಲಾನ್ ಕೊಡೆ ಹಿಡಿದು ಬಂದರು.

"ಇವತ್ತೇ ಬರಬೇಕಿತ್ತಾ, ನೆಂಗ್? ಮನೇಲಿರಬಹುದಿತ್ತು," ಎಂದರು, ಕಿರಿಯಳನ್ನು ಕರೆಯುವ ಸಲಿಗೆಯಲ್ಲಿ.

"ಮನೇಲೂ ಗೋಡೆಗಳೇ ಇರೋದು, ಪಾಕ್."

"ನನ್ನ ಹಾರೆ ಗಿಲಾಂಗ್ ಹತ್ರ ಉಳಿದಿತ್ತು..."

ಸತ್ತವನು ಯಾರದಾದರೂ ಏನಾದರೂ ಇಟ್ಟುಕೊಂಡಿದ್ದರೆ ಕೇಳಿ ಎಂದು ದಫನದ ದಿನ ಮಾವ ಎಲ್ಲರಿಗೂ ಹೇಳಿದ್ದರು. ಕೇಳಿದ್ದು ಇವರೊಬ್ಬರೇ.

"ಪಾಠ ಮುಗೀಲಿ, ಕೊಡ್ತೀನಿ. ನೀವು ಆ ಬೆಂಚಲ್ಲಿ ಕೂತು ಇವರಿಗೆ ನನ್ನ ಗಂಡನ ತಪ್ಪು ವಿವರಿಸಿ."

ಕುಸಿದ ಗೋಡೆಗೆ ಗಿಲಾಂಗ್ ದಿಬ್ಬದೊಳಗಿನ ನೀರು ಹೊರಹೋಗುವ ಕೊಳವೆಗಳನ್ನೇ ಇಟ್ಟಿರಲಿಲ್ಲ ಎಂದು ಸುಹೆರ್ಲಾನ್ ಎಲ್ಲರಿಗೂ ಹೇಳಿದ್ದರು. ಅದರ ಕಲ್ಲುಗಳು ಆಗಲೇ ಲಾರಿ ಹತ್ತಿ ಹೋಗಿದ್ದವು, ನೋಡಿ ತಿಳಿಯಲು ಏನೂ ಉಳಿದಿರಲಿಲ್ಲ. ಉಳಿದ ಈ ಗೋಡೆ ತಾವೇ ಕಟ್ಟಿಸಿದ್ದು, ಭದ್ರವಾಗಿದೆ ಎಂದೂ ಹೇಳಿದ್ದರು. ಈ ಮಕ್ಕಳು ಅದನ್ನೇ ನಂಬಿ ಹೊರಟರೆ ಗಂಡನ ಹೆಸರು ಹಾಗೆಯೇ ಉಳಿಯುತ್ತಿತ್ತು.

"ಇಲ್ಲೇ ನಿಂತು ಹೇಳ್ತೀನಿ," ಎಂದರು ಸುಹೆರ್ಲಾನ್.

"ಭದ್ರವಾಗಿದೆಯಲ್ಲ, ಪಾಕ್?"

"ಬೆಂಚು ಒದ್ದೆ."

"ಹಾಗಾದ್ರೆ ಲಾರಾಸ್, ನೀನು ಕೂತ್ಕೋ."

ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಹುಡುಗಿ ಹೋಗಿ ಕುಳಿತಳು. ಮಳೆ ಜೋರಾಯಿತು. ಸುಹೆರ್ಲಾನ್ ದಿಬ್ಬದ ಮೇಲೆ ನಿಂತ ನೀರನ್ನು ನೋಡಿದರು, ಹುಡುಗಿಯನ್ನು ನೋಡಿದರು.

"ಏಳಮ್ಮ."

"ಯಾಕೆ, ಪಾಕ್?"

"ಏಳು ಅಂದ್ರೆ ಏಳು. ಕೊಳವೆ ಬಾಯಿಗೆಲ್ಲ ಸಿಮೆಂಟ್ ಮೆತ್ತಿದೆ, ನೀರು ಒಳಗೇ ತುಂಬಿ ಗೋಡೆ ಬೀಳುತ್ತೆ."

"ಇದಕ್ಕೆ ಮಾತ್ರಾನಾ?" ರೆಂಗಾನಿಸ್‌ಳ ದನಿ ಏರಲಿಲ್ಲ.

"ಎರಡಕ್ಕೂ. ಅತಿಥಿಗಳು ಬರೋರಿದ್ರು, ಬಿಳಿ ಗೋಡೆ ಮೇಲೆ ಕೆಂಪು ನೀರು ಇಳೀತಿತ್ತು, ನಾನೇ ಮೆತ್ತಿಸ್ದೆ. ಮೊದ್ಲು ಆ ಹುಡುಗೀನ ಎಬ್ಬಿಸು, ಸಾಯ್ತಾಳೆ."

ಲಾರಾಸ್ ಏಳಲಿಲ್ಲ. ಕೂತಲ್ಲಿಂದಲೇ ಕೈ ಹಿಂದೆ ಚಾಚಿ ಟಾರ್ಪಾಲು ಎಳೆದಳು. ಬುಡದ ಸಾಲು ಕೊಳವೆಗಳಿಂದ ಕೆಂಪು ನೀರು ಧಾರಾಳವಾಗಿ ಸುರಿಯುತ್ತಿತ್ತು.

ರೆಂಗಾನಿಸ್ ಟಾರ್ಪಾಲಿನ ಮಡಿಕೆಯಿಂದ ಸಿಮೆಂಟ್ ಹತ್ತಿದ ಹಾರೆ ಎತ್ತಿ ಸುಹೆರ್ಲಾನ್ ಕೈಗೆ ಕೊಟ್ಟಳು: "ಆ ಗೋಡೆ ಕೊಳವೆಗಳ ಸಿಮೆಂಟ್ ಬಿಡಿಸ್ತಾ ಅವರು ಸತ್ರು, ಈ ಗೋಡೇದನ್ನ ನಿನ್ನೆ ಮಳೆ ಬಿಟ್ಟಾಗ ನಾನೂ ಲಾರಾಸೂ ಬಿಡಿಸಿದ್ವಿ, ತಗೊಳ್ಳಿ, ಅವರ ಕೆಲಸ ಮುಗೀತು."